ಕದನಕ್ರೀಡೆಗಳಲ್ಲಿ ಔಚಿತ್ಯವಿಚಾರ

ಅಲ್ಪಸಂಖ್ಯಾತರನ್ನೂ ಅನ್ಯಜನಾಂಗದವರನ್ನೂ ಗಣಕಯಂತ್ರದ ಆಟಗಳಲ್ಲಿ, ಎಂದರೆ ವಿಡಿಯೋ ಗೇಮುಗಳಲ್ಲಿ, ಹೇಗೆ ಚಿತ್ರಿಸತಕ್ಕದ್ದೆಂಬ ವಿಷಯವಾಗಿ ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡ ವಾದವೆದ್ದಿರುವುದು ವಾಚಕರಿಗೆ ವಿದಿತವೇ ಆಗಿದೆ. ಯಾರ ಮನಸ್ಸೂ ನೋಯದಂತೆ ಎಲ್ಲರಿಗೂ ಸ್ಥಾನವಿರಬೇಕೆಂಬುದು ಒಂದು ಪಕ್ಷ. ಇದೆಲ್ಲ ಬರಿಯ ‘ರಾಜಕೀಯ ಸಭ್ಯತೆ’, ಇದರಿಂದ ಆಟದ ಸ್ವಾರಸ್ಯ ಕೆಡುತ್ತದೆಂಬುದು ಇನ್ನೊಂದು. ನಮ್ಮ ಆಲಂಕಾರಿಕರಾದರೋ ಸಭ್ಯತೆಯನ್ನಲ್ಲ, ಔಚಿತ್ಯವನ್ನು ವಿಚಾರಿಸಿದರು. 11ನೆಯ ಶತಮಾನದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ ದೇಶ, ಕಾಲ, ಕುಲ, ನಾಮ ಇವುಗಳಿಗೂ ಔಚಿತ್ಯವುಂಟೆಂದು ಎಣಿಸಿದ್ದಾನೆ. ಆ ಅಳತೆಗೋಲಿನಿಂದ ಕನ್ನಡನಾಡನ್ನು ಮುಟ್ಟುವ ಆಟವೊಂದನ್ನು ಇಲ್ಲಿ ಪರಿಶೀಲಿಸಲಾಗುವುದು.

‘ಏಜ್ ಆಫ್ ಎಂಪೈರ್ಸ್’ ಎಂಬ ಆಟದ ಎರಡನೆಯ ಭಾಗವು 1999ರಲ್ಲಿ ಹೊರಟಿತು. ಆಗ ಅದರಲ್ಲಿ ಭಾರತೀಯರೇ ಇರಲಿಲ್ಲ. 2013ರಲ್ಲಿ ‘ಇಂಡಿಯನ್ಸ್’ ಎಂಬ ಒಂದೇ ಜನಾಂಗವು ಸೇರಿತು. ಇಷ್ಟು ದೊಡ್ಡ ದೇಶಕ್ಕೆ ಒಂದೇ ಹೆಸರು ಸಾಲದೆಂದು 2022ರ ಏಪ್ರಿಲಿನಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಅನುಬಂಧವನ್ನು ಹೊರಡಿಸಿ, ಹಳೆಯ ‘ಇಂಡಿಯನ್ಸ್’ರನ್ನು ‘ಹಿಂದುಸ್ತಾನಿ’ಗಳೆಂದು ಕರೆದು, ಬಂಗಾಳಿ, ಗೂರ್ಜರ, ದ್ರಾವಿಡ ಎಂಬ ಮೂರು ಜನಾಂಗಗಳನ್ನು ಹೊಸದಾಗಿ ಕೂಡಿಸಿದರು. ಇದು ಮೆಚ್ಚತಕ್ಕ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ‘ದ್ರಾವಿಡ’ವೆಂಬುದು ಈ ಅರ್ಥದಲ್ಲಿ 1856ರಲ್ಲಿ ಕಾಲ್ಡ್‌ವೆಲ್ಲನು ಭಾಷಾವರ್ಗವೊಂದಕ್ಕೆ ಇಟ್ಟ ಹೆಸರು. ತಮ್ಮನ್ನು ದ್ರಾವಿಡರೆಂದು ಕರೆದುಕೊಂಡು ಚಾಲುಕ್ಯರೂ ಹೊಯ್ಸಳರೂ ಚೋಳರೂ ಒಂದೇ ಬಾವುಟದ ಕೆಳಗೆ ಎಂದೂ ನಿಂತವರಲ್ಲ. ಆಟದಲ್ಲಿ ಈ ಜನಾಂಗದವರೆಲ್ಲರೂ ಆಡುವ ನುಡಿ ತಮಿಳು. ಅವರಿಗೆ ವಿಶೇಷವಾಗಿ ಕೊಟ್ಟಿರುವ ವಿದ್ಯೆಗಳಲ್ಲಿ ‘ವೂಟ್ಸ್’ ಉಕ್ಕು ಒಂದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪಿಯರ್ಸನ್ನನ ಲೇಖನದಲ್ಲಿ ಕಾಣಿಸಿಕೊಂಡ ಈ ಶಬ್ದವು ಕನ್ನಡದ ‘ಉಕ್ಕು’ ಎಂಬುದರ ವಿಕಾರವೆಂದು ನಿಘಂಟುಕಾರರು ಬಗೆಯುತ್ತಾರೆ. ತಮಿಳನ್ನಾಡುವ ಸೈನಿಕನ ಕೈಯಲ್ಲಿ ಕನ್ನಡದ ಹೆಸರು ಇಂಗ್ಲಿಷ್ ತಪ್ಪುಬರಹವಾಗಿ ಹೊಳೆಯುವುದು ವಿನೋದವಾಗಿಯೇ ಇದೆ.

ಹಿಂದುಸ್ತಾನಿ, ದ್ರಾವಿಡ ಎಂಬ ಈ ವಿಭಾಗದಲ್ಲಿ ವಿಜಯಪುರದ ಆದಿಲಶಾಹಿಗೆ ಮನೆಯೇ ಇಲ್ಲ. ದಖನಿಯಲ್ಲಿ ‘ಕಿತಾಬೆ ನೌರಸ್’ ರಚಿಸಿ ಸರಸ್ವತಿಯನ್ನು ಹಾಡಿದ ಎರಡನೆಯ ಇಬ್ರಾಹಿಮನನ್ನು ಉತ್ತರದವನೆಂದರೆ ದೇಶಾನೌಚಿತ್ಯ, ದ್ರಾವಿಡನೆಂದರೆ ನಾಮಾನೌಚಿತ್ಯ. ದಖ್ಖನಿನ ಮುಸಲ್ಮಾನರು ಸಂಖ್ಯೆಯಲ್ಲಿ ಅಲ್ಪರು. ಆಟದ ಪಟ್ಟಿಯಲ್ಲಂತೂ ಅಷ್ಟೂ ಇಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಅನುಬಂಧದ ಕಥಾಸರಣಿಗಳಲ್ಲೊಂದಕ್ಕೆ ರಾಜೇಂದ್ರ ಚೋಳನೇ ನಾಯಕ. ಆಟಗಾರನು ಅವನ ಪಕ್ಷದಲ್ಲಿ ನಿಂತು ದಂಡೆತ್ತಿ ಹೋಗುತ್ತಾನೆ. ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ ಶಕ 929ರ, ಎಂದರೆ 1007ರ, ಕನ್ನಡ ಶಾಸನವೊಂದಿದೆ. ಚಾಲುಕ್ಯ ಇರಿವಬೆಡಂಗ ಸತ್ಯಾಶ್ರಯನ ಕಾಲದ್ದು. ರಾಜರಾಜನ ಮಗನಾದ ಈ ರಾಜೇಂದ್ರನು ಒಂಬತ್ತು ಲಕ್ಷ ದಂಡಿನೊಡನೆ ಬಂದು ದೋಣವೂರಿನಲ್ಲಿ ಬೀಡುಬಿಟ್ಟು ನಾಡನ್ನು ಸೂರೆಮಾಡಿ, ಹೆಂಗುಸರನ್ನೂ ಮಕ್ಕಳನ್ನೂ ಬ್ರಾಹ್ಮಣರನ್ನೂ ಕೊಂದನೆಂದು ಅದು ಹೇಳುತ್ತದೆ. ದೋಣವೂರೆಂದರೆ ಈಗಿನ ಬಸವನಬಾಗೇವಾಡಿ ಕಡೆಯ ಡೋಣೂರು. ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯ ಹುಡುಗನೊಬ್ಬನು ಈ ಆಟಕ್ಕೆ ಕುಳಿತನೆಂದರೆ, ತನ್ನ ಜಿಲ್ಲೆಯ ಊರಿನಲ್ಲಿಯೇ ಪಾಳೆಯ ಹೂಡಿದವನ ವೇಷವನ್ನು ತಾನು ತೊಟ್ಟಂತೆ. ವೇಷ ತೊಡುವುದು ತಪ್ಪಲ್ಲ. ಸಣ್ಣಾಟದಲ್ಲಿಯೂ ಪಾರಿಜಾತದಲ್ಲಿಯೂ ಪರರ ವೇಷ ತೊಟ್ಟೇ ನಮ್ಮವರು ಕುಣಿದದ್ದು.

ಹಾಗಾದರೆ ಶಾಸನದ ಮಾತನ್ನು ಆಟದಲ್ಲಿ ಇಟ್ಟರೆ ನ್ಯಾಯವಾಯಿತೆ? ಇಲ್ಲಿ ನಾವು ಸ್ವಲ್ಪ ತಡೆಯಬೇಕು. ಒಂಬತ್ತು ಲಕ್ಷವೆಂಬ ಎಣಿಕೆಯನ್ನು ಯಾವ ಚರಿತ್ರಕಾರನೂ ಹಾಗೆಯೇ ನಂಬಲಾರನು. ಅದಕ್ಕಿಂತಲೂ ಮುಖ್ಯವಾದದ್ದು, ಅದೇ ಶಾಸನವು ಸತ್ಯಾಶ್ರಯನನ್ನು ‘ತಿಗುಳಮಾರಿ’ ಎಂದು ಹೊಗಳುತ್ತದೆ. ತಿಗುಳರೆಂದರೆ ತಮಿಳರು, ಅವರಿಗೆ ಮಾರಿಯಾದವನೆಂದು ಅರ್ಥ. ಸಭ್ಯತೆಯ ಪಕ್ಷದವರು ಈ ಬಿರುದನ್ನು ಅಳಿಸೆನ್ನುವರು. ಎದುರು ಪಕ್ಷದವರು ಇತಿಹಾಸವೇ ಹೀಗಿದೆಯೆಂದು ಅದನ್ನು ಆಟದ ಮುಖಪುಟಕ್ಕೇ ಏರಿಸುವರು. ನನ್ನ ಅಭಿಪ್ರಾಯದಲ್ಲಿ ಬಿರುದು ಉಳಿಯಬೇಕು. ಆದರೆ ಅದನ್ನು ಹೊತ್ತವನ ಬಾಯಲ್ಲಿ, ಅವನ ವಂದಿಗಳ ಬಾಯಲ್ಲಿ ಮಾತ್ರ ಉಳಿಯಬೇಕು. ಕಥೆ ಹೇಳುವವನ ಬಾಯಲ್ಲಿ ಅದು ಬಂದರೆ ಪಾತ್ರದ ದ್ವೇಷವು ಗ್ರಂಥದ ದ್ವೇಷವಾಗುತ್ತದೆ.

ಇದು ಹೊಸ ಮಾತಲ್ಲ. ಮುದುವೊಳಲಿನ, ಈಗಿನ ಮುಧೋಳದ, ರನ್ನನು ಇದೇ ಸತ್ಯಾಶ್ರಯನ ಆಶ್ರಿತ. ‘ಸಾಹಸಭೀಮವಿಜಯ’ವೆಂಬ ಗದಾಯುದ್ಧದಲ್ಲಿ ಅವನು ಅರಸನನ್ನು ಭೀಮನಿಗೆ ಅಭೇದವಾಗಿ ಕಲ್ಪಿಸಿದನು. ಅನ್ನ ಕೊಟ್ಟವನು ಭೀಮ, ಹಗೆಯಾದವನು ದುರ್ಯೋಧನ. ಆದರೂ ಆ ಕಾವ್ಯದಲ್ಲಿ ರಣರಂಗದ ಹೆಣಗಳ ನಡುವೆ ತಮ್ಮನನ್ನೂ ಗೆಳೆಯನನ್ನೂ ಕಂಡು ಅಳುವ ದುರ್ಯೋಧನನೇ ಓದುಗರ ಮನಸ್ಸಿನಲ್ಲಿ ನಿಂತನೆಂಬುದನ್ನು ತರಗತಿಯಲ್ಲಿ ಪಾಠ ಹೇಳಿದವರೆಲ್ಲರೂ ಬಲ್ಲರು. ಹೊಟ್ಟೂರಿನ ಶಾಸನಕವಿಗೂ ರನ್ನನಿಗೂ ಅರಸನೊಬ್ಬನೇ. ಹಗೆಯನ್ನು ಕಂಡ ಕಣ್ಣು ಮಾತ್ರ ಬೇರೆ.

ಆಟವನ್ನು ಕಾವ್ಯದೊಡನೆ ಹೋಲಿಸುವುದು ಅತಿಯಾಯಿತೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಪಕ್ಷವನ್ನು ಬದಲಿಸಿ ಆಡುವ ಅನುಕೂಲವು ಈ ಯಂತ್ರಕ್ಕೆ ಹುಟ್ಟಿನಿಂದಲೇ ಬಂದಿದೆ. ರನ್ನನು ಬಹು ಶ್ರಮದಿಂದ ಸಾಧಿಸಿದ್ದು ಇಲ್ಲಿ ಗುಂಡಿಯೊಂದನ್ನು ಒತ್ತಿದರೆ ದೊರೆಯುತ್ತದೆ. ದೋಣವೂರಿನ ಬೀಡನ್ನು ಒಮ್ಮೆ ಚೋಳನ ಡೇರೆಯಿಂದಲೂ ಇನ್ನೊಮ್ಮೆ ದನಕರು ಹೊಡೆದುಕೊಂಡು ಊರು ಬಿಡುವ ಒಕ್ಕಲಿನ ಕಡೆಯಿಂದಲೂ ತೋರಿಸುವುದಕ್ಕೆ ಬೇಕಾದದ್ದು ಒಂದು ಕನ್ನಡ ದನಿ, ಮತ್ತು ತಿಗುಳಮಾರಿಯ ಎದುರಿನಲ್ಲಿ ಸತ್ತ ತಮಿಳು ಸೈನಿಕನಿಗೂ ಅಳುವವರೊಬ್ಬರು.