ರಂಗದ ಮೇಲೆ ಕಾಂಗೋ: ಸೆಸೇರನ ನಾಟಕವೊಂದರ ಮರುಓದು

ಆಫ್ರಿಕದ ವಸಾಹತೋತ್ತರ ರಾಜಕಾರಣವನ್ನು ಬುಡಕಟ್ಟುಗಳ ಒಳಜಗಳವೆಂದು ವಿವರಿಸುವ ಕ್ರಮ ಬಹುಕಾಲದಿಂದ ರೂಢಿಯಲ್ಲಿದೆ. ಮಾರ್ಟಿನಿಕ್ ದ್ವೀಪದ ಕವಿ ಎಮೆ ಸೆಸೇರ್ 1966ರಲ್ಲಿ ಪ್ರಕಟಿಸಿದ 'ಕಾಂಗೋದಲ್ಲಿ ಒಂದು ಋತು' ಎಂಬ ಫ್ರೆಂಚ್ ನಾಟಕ ಈ ವಿವರಣೆಯನ್ನು ಬುಡಮಟ್ಟದಲ್ಲಿಯೇ ಪ್ರಶ್ನಿಸುತ್ತದೆ. ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾನ ಏಳುಬೀಳುಗಳೇ ಇದರ ವಸ್ತು.

ಕಾಂಗೋ 1885ರಲ್ಲಿ ದೊರೆ ಎರಡನೆಯ ಲಿಯೊಪೋಲ್ಡನ ಖಾಸಗಿ ಸ್ವತ್ತಾಯಿತು. 1908ರಲ್ಲಿ ಬೆಲ್ಜಿಯಂನ ವಸಾಹತಾಯಿತು. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂನ ಬಹುಪಾಲು ಕಟಾಂಗಾ ಪ್ರಾಂತದ ಗಣಿಯದು. 1960ರ ಜೂನ್ 30ರಂದು ದೇಶ ಸ್ವತಂತ್ರವಾದರೆ, ಜುಲೈ 11ರಂದು ಅದೇ ಕಟಾಂಗಾ ಪ್ರತ್ಯೇಕತೆಯನ್ನು ಸಾರಿತು. ಅದರ ಬೆನ್ನಿಗೆ ಬೆಲ್ಜಿಯಂನ ಸೈನಿಕರೂ ಯೂನಿಯನ್ ಮಿನಿಯೇರ್ ಗಣಿ ಕಂಪನಿಯ ಹಣವೂ ಇದ್ದವು. 1961ರ ಜನವರಿ 17ರಂದು ಲುಮುಂಬಾನ ಕೊಲೆಯಾಯಿತು.

ಈ ಹಿನ್ನೆಲೆಯ ಶಕ್ತಿಗಳನ್ನು ಸೆಸೇರ್ ಪಾತ್ರಗಳನ್ನಾಗಿ ಮುನ್ನೆಲೆಗೆ ತರುತ್ತಾನೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹ್ಯಾಮರ್‌ಶೋಲ್ಡ್ ರಂಗದ ಮೇಲೆ ಬರುತ್ತಾನೆ. ಬ್ಯಾಂಕರುಗಳು ಫ್ರೆಂಚ್ ಅಭಿಜಾತ ನಾಟಕದ ಛಂದಸ್ಸಿನಲ್ಲಿ ಮಾತನಾಡುತ್ತಾರೆ. ರಾಜರ ದುರಂತಗಳಿಗೆ ಮೀಸಲಾಗಿದ್ದ ಲಯದಲ್ಲಿ ಲಾಭನಷ್ಟದ ಲೆಕ್ಕ ನಡೆಯುವುದು ಕೇವಲ ವಿಡಂಬನೆಯಲ್ಲ. ಸಂಸ್ಕೃತಿಗೂ ಬಂಡವಾಳಕ್ಕೂ ಇರುವ ನಂಟಿನ ಬಗೆಗಿನ ತೀರ್ಪು.

ಆದರೆ ನಾಟಕದ ಮಿತಿಯೂ ಇಲ್ಲಿಯೇ ಇದೆ. ಬಂಡವಾಳವು ಕೆಲವು ದುಷ್ಟರ ಸಂಚಾಗಿ ಕಂಡಾಗ, ಒಪ್ಪಂದ, ಸಾಲ ಮತ್ತು ಲೋಹದ ಬೆಲೆಗಳ ಮೂಲಕ ದಿನನಿತ್ಯ ಕೆಲಸ ಮಾಡುವ ವ್ಯವಸ್ಥೆ ಮರೆಯಾಗುತ್ತದೆ. ಜನತೆಯ ಪರವಾಗಿ ಹಾಡುವ ಸಾಂಜಾವಾದಕನಿದ್ದಾನೆ. ಗಣಿಯ ಕೂಲಿಕಾರನಿಗೆ ಅಂಥ ದನಿಯಿಲ್ಲ. ಪರಿಷ್ಕೃತ ಪಠ್ಯದ ಕೊನೆಯ ದೃಶ್ಯ ಈ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಅಲ್ಲಿ ಮೊಬುಟುವಿನ ಪ್ರತಿರೂಪವಾದ ಮೊಕುಟು, ಹತನಾದವನನ್ನೇ ವೀರನೆಂದು ಕೊಂಡಾಡುತ್ತಾನೆ. ಚರಿತ್ರೆಯ ಮೊಬುಟು 1966ರಲ್ಲಿ ಮಾಡಿದ್ದೂ ಅದನ್ನೇ. ಶೀತಲ ಸಮರದುದ್ದಕ್ಕೂ ಪಶ್ಚಿಮದ ಬೆಂಬಲ ಪಡೆದ ಆತ 1997ರವರೆಗೆ ಆಳಿದ. ಸ್ಮಾರಕವೂ ಅಧಿಕಾರದ ಉಪಕರಣವಾಗಬಲ್ಲದೆಂಬ ಈ ಒಳನೋಟ ಕಾಂಗೋಗೆ ಮಾತ್ರ ಸೀಮಿತವಲ್ಲ.

ಬೆಲ್ಜಿಯಂ ಸಂಸತ್ತಿನ ವಿಚಾರಣಾ ಸಮಿತಿ ತನ್ನ ದೇಶದ ಕೆಲವರ ನೈತಿಕ ಹೊಣೆಯನ್ನು ಒಪ್ಪಿಕೊಂಡದ್ದು 2001ರಲ್ಲಿ. ನಾಟಕವು ಮೂವತ್ತೈದು ವರ್ಷ ಮೊದಲೇ ಆ ಹೊಣೆಯತ್ತ ಬೆರಳು ತೋರಿತ್ತು. 1960-61ರಲ್ಲಿ ಅಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿದ್ದವರು ಭಾರತದ ರಾಜೇಶ್ವರ ದಯಾಳ್. ಶಾಂತಿಪಡೆಯಲ್ಲಿ ಭಾರತೀಯ ಸೈನಿಕರೂ ಇದ್ದರು. ಹೀಗಿರುವಾಗ ಆಫ್ರಿಕದ ಸಾಹಿತ್ಯವನ್ನು ಅಸ್ಮಿತೆಯ ಪ್ರಶ್ನೆಗಷ್ಟೇ ಕಟ್ಟಿಹಾಕಿ, ದೂರದ ಪ್ರೇಕ್ಷಕರಂತೆ ಓದುವುದು ನಮಗೆ ಸಲ್ಲದು.