ಗೌರವಧನದ ವ್ಯಾಕರಣ

ಸರ್ಕಾರ ಬರೆಯುವ ಗದ್ಯವನ್ನು ನಮ್ಮಲ್ಲಿ ಯಾರೂ ವಿಮರ್ಶೆ ಮಾಡುವುದಿಲ್ಲ. ಕವಿತೆಯೊಂದರ ಪ್ರತಿಮೆ ಸಡಿಲವಾದರೆ ನಾಲ್ಕು ಪುಟ ಬರೆಯುವ ವಿದ್ವಾಂಸರು ಸುತ್ತೋಲೆಯ ಭಾಷೆಯನ್ನು ಗುಮಾಸ್ತರಿಗೇ ಬಿಟ್ಟುಕೊಟ್ಟಿದ್ದಾರೆ. ನಮ್ಮಂಥವರ ಮನೆಗೆ ಮೊದಲು ಬಂದ ಸಾಹಿತ್ಯವೇ ಅದು: ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಸ್ಕಾಲರ್‌ಶಿಪ್ಪಿನ ಅರ್ಜಿ. ನಾಲ್ಕಕ್ಷರ ಕಲಿತ ಕೂಡಲೆ ಕೇರಿಯವರು ‘ಒಸಿ ಓದಿ ಹೇಳಪ್ಪ’ ಅಂತ ಕೈಗಿಟ್ಟದ್ದೂ ಅದನ್ನೇ. ಆದ್ದರಿಂದ ಅಂಗನವಾಡಿಯ ಹೆಣ್ಣುಮಕ್ಕಳ ಬಗ್ಗೆ ಸರ್ಕಾರಗಳು ಐವತ್ತು ವರ್ಷ ಬರೆದದ್ದನ್ನು ಒಂದು ಕೃತಿಯೆಂದೇ ಹಿಡಿದು ಓದೋಣ.

ಇದರ ಮೊದಲ ಪುಟ 1975ರ ಅಕ್ಟೋಬರ್ 2. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಬ್ಲಾಕುಗಳಲ್ಲಿ ಆರಂಭವಾಯಿತು, ನಮ್ಮಲ್ಲಿ ಟಿ. ನರಸೀಪುರದಲ್ಲಿ. ಆ ಪುಟದಲ್ಲೇ ಎರಡು ಪದ ಕೂತಿವೆ. ಮಕ್ಕಳಿಗೆ ಹಾಡು, ಎಣಿಕೆ, ಬಣ್ಣ ಕಲಿಸಿ ತೂಕ ಬರೆದು ಊಟ ಹಾಕುವವಳು ‘ಕಾರ್ಯಕರ್ತೆ’. ಅವಳಿಗೆ ಸಿಗುವುದು ‘ಗೌರವಧನ’. ಕೂಲಿಯಾದರೆ ಕೇಳಬಹುದು, ಕಡಿಮೆಯಾಯಿತೆಂದು ಜಗಳ ತೆಗೆಯಬಹುದು. ಗೌರವವನ್ನು ಜಗಳ ಮಾಡಿ ಯಾರು ಕೇಳುತ್ತಾರೆ? ಜೀತಕ್ಕಿಟ್ಟುಕೊಂಡ ಧಣಿ ಕೂಡ ಕಣದಲ್ಲಿ ನಾಲ್ಕು ಮೊರ ಕಾಳು ಸುರಿಯುವಾಗ ಅದನ್ನು ಕೂಲಿ ಅಂತ ಯಾವತ್ತೂ ಕರೆದವನಲ್ಲ.

ಪದ ಸುಮ್ಮನೆ ಕೂರುವುದಿಲ್ಲ, ಕೆಲಸ ಮಾಡುತ್ತದೆ. 2006ರಲ್ಲಿ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇವರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಹದಿನಾರು ವರ್ಷ ಕಳೆದು, 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಹೆಂಗಸರ ಮೊಕದ್ದಮೆಯಲ್ಲಿ ಅದೇ ಕೋರ್ಟು ಗ್ರಾಚ್ಯುಟಿ ಕಾಯಿದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದು ಓದಿತು. ಒಂದು ಪದದ ಅರ್ಥ ಹಿಗ್ಗುವುದಕ್ಕೆ ಎಷ್ಟು ಜನರ ಆಯಸ್ಸು ಸವೆಯಬೇಕಾಯಿತು ನೋಡಿ.

ಇನ್ನು ದುಡ್ಡಿನ ಅಧ್ಯಾಯ. ಆಹಾರದ ಬಾಬ್ತು ಬಿಟ್ಟು ಉಳಿದ ಖರ್ಚಿನಲ್ಲಿ ಕೇಂದ್ರ 90, ರಾಜ್ಯ 10 ಎಂದಿದ್ದ ಪಾಲು 2015-16ರಿಂದ ಗೌರವಧನದ ವಿಷಯದಲ್ಲಿ 60ಕ್ಕೆ 40 ಆಯಿತು. ಅದೇ ವರ್ಷದ ಕೇಂದ್ರ ಬಜೆಟ್ಟು ಈ ಯೋಜನೆಗೆ ಇಟ್ಟದ್ದು ಸುಮಾರು 8,300 ಕೋಟಿ. ಅದರ ಹಿಂದಿನ ವರ್ಷದ ಬಜೆಟ್ಟಿನಲ್ಲಿ ಇದ್ದದ್ದು 18,000 ಕೋಟಿಗೂ ಮೇಲೆ. ಗದ್ದಲವಾದ ಮೇಲೆ ಒಂದಿಷ್ಟು ಸೇರಿಸಿದರು, ಸರಿ. 2018ರ ಅಕ್ಟೋಬರಿನಲ್ಲಿ ಕೇಂದ್ರ ತಿಂಗಳ ಗೌರವಧನವನ್ನು 3,000ದಿಂದ 4,500ಕ್ಕೆ ಏರಿಸಿತು. 60ರ ಲೆಕ್ಕ ಹಿಡಿದರೆ ದಿಲ್ಲಿಯಿಂದ ನಿಜವಾಗಿ ಬರುವುದು 2,700. ಆಮೇಲೆ ಎಷ್ಟೋ ವರ್ಷ ಆ ಅಂಕಿ ಅಲುಗಲಿಲ್ಲ. ಮಿಕ್ಕದ್ದನ್ನು ಆಯಾ ರಾಜ್ಯವೇ ತುಂಬಬೇಕು. ನಮ್ಮ ರಾಜ್ಯ ತುಂಬಿದೆ, ಆದರೆ ತಾನಾಗಿ ಅಲ್ಲ: 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಈ ತಾಯಂದಿರು ರಾತ್ರಿಗಳನ್ನು ಕಳೆದದ್ದು ಹವಾ ಸೇವನೆಗಲ್ಲ.

ಕೃತಿಯ ಶೈಲಿ ಬದಲಾಗುವುದು 2020ರಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿ ಇವರನ್ನು ದಿಢೀರನೆ ಶಿಕ್ಷಕಿಯರ ಸಾಲಿಗೆ ತಂದಿತು. ಹನ್ನೆರಡನೆ ತರಗತಿ ಮುಗಿಸಿದವರಿಗೆ ಆರು ತಿಂಗಳ ಸರ್ಟಿಫಿಕೇಟು, ಅದಕ್ಕೂ ಕಮ್ಮಿ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಕಲಿಯುವುದು ಟೀವಿಯಲ್ಲಿ, ಮೊಬೈಲಿನಲ್ಲಿ. ಹೊಸದಾಗಿ ಸೇರುವವರಿಗೆ ಎಸ್ಸೆಸ್ಸೆಲ್ಸಿ ಸಾಲದು, ಪಿಯುಸಿ ಬೇಕೆಂದೂ ಆಯಿತು. ಗಮನಿಸಿ, ಅರ್ಹತೆಯ ಪುಟದಲ್ಲಿ ಅವಳು ಶಿಕ್ಷಕಿ. ಸಂಬಳದ ಪುಟ ತಿರುವಿದರೆ ಮತ್ತೆ ಕಾರ್ಯಕರ್ತೆ. ಒಬ್ಬಳೇ ಪಾತ್ರಕ್ಕೆ ಎರಡು ಹೆಸರಿಟ್ಟು ನಡೆಸುವ ಈ ಕತೆಯನ್ನು ಕಾದಂಬರಿಕಾರ ಬರೆದಿದ್ದರೆ ನಮ್ಮ ವಿಮರ್ಶಕರು ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರು.

ಅರ್ಹತೆ ಬೇಡ ಎನ್ನುವವರಲ್ಲ ನಾವು. ಅನುಭವವೇ ಸಾಕು, ಡಿಪ್ಲೊಮಾ ಯಾಕೆ ಎಂಬ ಮಾತು ನಮ್ಮ ಗೆಳೆಯರಲ್ಲೇ ಇದೆ, ಅದನ್ನು ಒಪ್ಪುವುದಕ್ಕಾಗದು. ಕಾನ್ವೆಂಟಿನ ಮಗುವಿಗೆ ತರಬೇತಾದ ಟೀಚರು, ಹಟ್ಟಿಯ ಮಗುವಿಗೆ ತಾಯಕ್ಕರೆ ಅಂತ ಹಂಚಿಕೊಡುವುದೂ ಒಂದು ಜಾತಿಪದ್ಧತಿಯೇ. ಮನೆತನದಲ್ಲಿ ಮೊದಲ ಡಿಗ್ರಿ ಪಡೆದವರಿಗೆ ಕಾಗದದ ಬೆಲೆ ಗೊತ್ತು. ಆದರೆ ಅರ್ಹತೆ ಎಂಬ ಪದ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸುವುದಕ್ಕೆ ಎಷ್ಟು ಸಲ ಬಳಕೆಯಾಗಿದೆ ಎಂಬುದೂ ಗೊತ್ತು.

2024ರ ಜುಲೈನಲ್ಲಿ ನಮ್ಮ ಸರ್ಕಾರ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂದು ಬೋರ್ಡು ಹಾಕಿತು. ಹೆಸರು ಎತ್ತಿದ ಮೇಲೆ ಚರಿತ್ರೆಯನ್ನೂ ಓದಬೇಕು. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮೊದಲ ಮಕ್ಕಳ ಮನೆ ತೆರೆದಾಗ ಮಕ್ಕಳ ನಡುವೆ ನಿಲ್ಲಿಸಿದ್ದು ಕಟ್ಟಡದ ಕಾವಲುಗಾರನ ಮಗಳನ್ನು. ಟೀಚರ್ ಟ್ರೈನಿಂಗ್ ಆದವಳಲ್ಲ. ಅದೇ ಪದ್ಧತಿ ಕಲಿತ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಗೆ ಬಂದರು. ಬಡವರ ಮಕ್ಕಳು ಬಾಲವಾಡಿಗೆ ಬಾರದೆ ಹೋದಾಗ ಬಾಲವಾಡಿಯೇ ಅವರ ಕೇರಿಯ ಅಂಗಳಕ್ಕೆ ನಡೆಯಿತು, ಅಂಗನವಾಡಿ ಎಂಬ ಹೆಸರು ಬಂದದ್ದು ಹಾಗೆ. ರೋಮಿನ ಆ ಹುಡುಗಿಯ ಪಕ್ಕದಲ್ಲಿ ಕಲಿಸಿಕೊಡುವುದಕ್ಕೆ ಡಾಕ್ಟರ್ ಮಾಂಟೆಸ್ಸರಿಯೇ ಇದ್ದರು. ನಮ್ಮ ಟೀಚರಮ್ಮನ ಪಕ್ಕದಲ್ಲಿರುವುದು ಮೊಬೈಲು. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರಿಗೆ ಹಾಜರಿ, ತೂಕ, ಎತ್ತರ ಎಲ್ಲ ತುಂಬಬೇಕು. ಬಸುರಿ ಬಾಣಂತಿಯರ ಮನೆ ಸುತ್ತಬೇಕು. ಎಷ್ಟೋ ಕಡೆ ವೋಟರ್ ಲಿಸ್ಟೂ ಇವರ ತಲೆಗೇ. ಇದರ ನಡುವೆ ಡಿಪ್ಲೊಮಾ ಓದೋದು ಯಾವ ಹೊತ್ನಲ್ಲಿ? ಆ ಹೊತ್ತಿಗೆ ರಜೆ ಯಾರು ಕೊಡ್ತಾರೆ, ಬದಲಿ ಕೈ ಯಾರು? ಓದು ಮುಗಿಸಿ ಬಂದವಳ ಕೈಗೆ ಎಷ್ಟು ಹೆಚ್ಚು? ಇಷ್ಟು ದೊಡ್ಡ ಕೃತಿಯಲ್ಲಿ ಈ ಪುಟವೊಂದೇ ಖಾಲಿ.

ಊರಿನ ಕಣ್ಣಲ್ಲಿ ಇನ್ನೊಂದು ಅರ್ಹತೆ ಇದೆ, ಅದನ್ನು ಯಾವ ಸುತ್ತೋಲೆಯೂ ಬರೆಯುವುದಿಲ್ಲ. ದಲಿತ ಸಹಾಯಕಿ ಬೇಯಿಸಿದ ಅನ್ನ ಅಂತ ಮಕ್ಕಳನ್ನು ಕಳಿಸದೆ ನಿಲ್ಲಿಸಿದ ಊರುಗಳ ಸುದ್ದಿ ಈಗಲೂ ಬರುತ್ತದೆ. ಅವಳು ಯಾವ ಡಿಪ್ಲೊಮಾ ಮಾಡಿದರೆ ಆ ಅನ್ನ ಶುದ್ಧವಾದೀತು?

ಈ ನಡುವೆ 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಹೊರಟಿತು. ನಾಲ್ಕು ವರ್ಷ ತುಂಬಿದ ಮಕ್ಕಳು ಅತ್ತ ಹೋದರೆ ಅಂಗನವಾಡಿ ಹಾಲುಗಲ್ಲದ ಕೂಸುಗಳ ಗಂಜಿಕೇಂದ್ರವಾಗುತ್ತದೆಂದು ಟೀಚರಮ್ಮಂದಿರು ಬೀದಿಗಿಳಿದರು. ಅವರು ಹೆದರಿದ್ದು ಸರಿಯೇ. ಆದರೆ ಶಾಲೆಯೊಳಗೆ ಬಂದ ಹೊಸ ಹುಡುಗಿಯ ಮೇಲೆ ನಮಗೆ ಸಿಟ್ಟಿಲ್ಲ. ಅವಳ ಹತ್ತಿರ ತರಬೇತಿಯ ಕಾಗದವಿದೆ. ಆದರೆ ಅವಳಿಗೆ ಅಲ್ಲಿ ಇಟ್ಟ ಹೆಸರು ‘ಅತಿಥಿ ಶಿಕ್ಷಕಿ’, ತಿಂಗಳ ಕೊನೆಗೆ ಅವಳ ಕೈಗೆ ಬರುವುದಕ್ಕೂ ಗೌರವಧನವೆಂದೇ ಹೆಸರು.