ಖರಾಬು ಕಾಲಂ ಮತ್ತು ಹೊಸ ನಕಾಶೆಗಳು

ನಮ್ಮ ಪಹಣಿಗಳಲ್ಲಿ 'ಖರಾಬು' ಎಂಬ ಕಾಲಂ ಇದೆ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನಮಗೆ ಖರಾಬ್ ಎಂದರೆ ಕೆಟ್ಟದ್ದು, ಹಾಳಾದದ್ದು. ಕಂದಾಯ ಇಲಾಖೆಯ ಭಾಷೆಯಲ್ಲಿ ಅದು ಸಾಗುವಳಿಗೆ ಬಾರದ ನೆಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮ ಅದನ್ನು 'ಎ', 'ಬಿ' ಎಂದು ಎರಡು ಮಾಡುತ್ತದೆ. ಊರವರು ಓಡಾಡುವ ದಾರಿ, ಹಳ್ಳ, ಕೆರೆ, ಸ್ಮಶಾನ, ಖಬರಸ್ಥಾನ ಇವೆಲ್ಲ 'ಬಿ' ಖರಾಬು. ಹೆಸರು ಕೆಟ್ಟದಾದರೂ ಊರಿನ ಹಕ್ಕು ದಾಖಲಾಗಿರುವುದು ಅಲ್ಲಿಯೇ.

ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ಹೊರಡಿಸಿದ ಭೂದತ್ತಾಂಶದ ಮಾರ್ಗಸೂಚಿಯನ್ನು ಓದುವಾಗ ಈ ಕಾಲಂ ನಮಗೆ ಮತ್ತೆ ಮತ್ತೆ ನೆನಪಾಯಿತು. ದೇಶದ ಕಂಪೆನಿಗಳು ಇನ್ನು ಮುಂದೆ ಪೂರ್ವಾನುಮತಿ ಇಲ್ಲದೆ ನಕಾಶೆ ಮಾಡಬಹುದು, ಸಾರ್ವಜನಿಕ ಹಣದಿಂದ ಸಂಗ್ರಹಿಸಿದ ಮಾಹಿತಿ ಅವುಗಳಿಗೂ ಸುಲಭವಾಗಿ ಸಿಗಬೇಕು ಎಂಬುದು ಅದರ ತಿರುಳು. ಒಂದು ನಕಾಶೆಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಕಾಲ ಮುಗಿದದ್ದು ಒಳ್ಳೆಯದೇ. ಅದೇ ತಿಂಗಳು ಬಾಹ್ಯಾಕಾಶ ಇಲಾಖೆ ಮ್ಯಾಪ್‌ಮೈಇಂಡಿಯಾದ ಜೊತೆ ಒಪ್ಪಂದ ಮಾಡಿಕೊಂಡಿತು. 2022ರಲ್ಲಿ ಗೂಗಲ್ ಎರಡು ದೇಶೀ ಕಂಪೆನಿಗಳ ಕೈಹಿಡಿದು ಬೆಂಗಳೂರೂ ಸೇರಿ ಹತ್ತು ನಗರಗಳ ಬೀದಿಚಿತ್ರ ತೋರಿಸಿತು. ಸರ್ವೆ ಆಫ್ ಇಂಡಿಯಾವನ್ನು 1767ರಲ್ಲಿ ಹುಟ್ಟುಹಾಕಿದ್ದೂ ಒಂದು ಕಂಪೆನಿಯೇ ಅಲ್ಲವೆ!

ಆದರೆ ಹಂಚಿಕೊಳ್ಳುವುದು ಎಂದರೆ ಎರಡೂ ಕಡೆಯಿಂದ ಆಗಬೇಕು. ಸರ್ಕಾರ ಕೊಡಬೇಕೆಂದು ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಪಡೆದ ಕಂಪೆನಿ ಊರಿಗೆ ಏನನ್ನು ಹಿಂದಿರುಗಿಸಬೇಕು, ಊರವರು ತಪ್ಪು ತೋರಿಸಿದರೆ ಎಷ್ಟು ದಿನದಲ್ಲಿ ತಿದ್ದಬೇಕು ಎಂಬ ಕಟ್ಟುಪಾಡು ನಮಗೆ ಅಲ್ಲಿ ಕಾಣಿಸಲಿಲ್ಲ.

ಇದು ಬರಿಯ ತಕರಾರಲ್ಲ. ನಾವು ಬಲ್ಲ ಒಂದು ಊರಿನ ಖಬರಸ್ಥಾನ ಪಹಣಿಯಲ್ಲಿ 'ಬಿ' ಖರಾಬು ಎಂದು ದಾಖಲಾಗಿದೆ. ಫೋನಿನಲ್ಲಿ ತೆರೆದ ಖಾಸಗಿ ನಕಾಶೆಯಲ್ಲಿ ಅದು ಬೂದುಬಣ್ಣದ ಖಾಲಿ ಜಾಗ. ಪಕ್ಕದ ಎಟಿಎಂಗೆ ಹೆಸರಿದೆ, ಬೇಕರಿಗೆ ಹೆಸರಿದೆ. ಅದೇ ಕೇರಿಯ ದಲಿತರ ಸ್ಮಶಾನಕ್ಕೂ ಹೆಸರಿಲ್ಲ. ನಿವೇಶನ ಹುಡುಕುತ್ತ ಬರುವವನು ತೆರೆದು ನೋಡುವುದು ಪಹಣಿಯನ್ನಲ್ಲ, ಫೋನನ್ನು. ಅವನ ಕಣ್ಣಿಗೆ ಅದು ಖಾಲಿ ನೆಲ. ಮುಂದಿನ ಜಗಳಕ್ಕೆ ಅಷ್ಟು ಸಾಕು.

ಹೆಸರಿದ್ದರೂ ನೆಮ್ಮದಿಯಿಲ್ಲ. ಉರ್ದುವಿನ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಯಂತ್ರದ ಮೂಲಕ ಕನ್ನಡಕ್ಕೆ ಬರುವಷ್ಟರಲ್ಲಿ ಮೊಹಲ್ಲಾದ ಅಜ್ಜಂದಿರಿಗೇ ಗುರುತು ಸಿಗುವುದಿಲ್ಲ. ಕನ್ನಡದ ಹೆಸರುಗಳ ಗತಿಯೂ ಬೇರೆಯಲ್ಲ. 'ಹಳ್ಳಿ' 'ಹಲ್ಲಿ'ಯಾದದ್ದನ್ನು ನಾವೆಲ್ಲ ನೋಡಿದ್ದೇವೆ.

ರಾಜ್ಯದ 'ದಿಶಾಂಕ್' ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಸರ್ವೆ ನಂಬರ್ ತಿಳಿದರೆ ಪಹಣಿ ನೋಡಬಹುದು. ಅಂದರೆ ಮಾಹಿತಿ ಸರ್ಕಾರದ ಬಳಿ ಇಲ್ಲವೆಂದಲ್ಲ. ಕಂಪೆನಿಗಳಿಗೆ ಅದನ್ನು ಕೊಡುವಾಗ 'ಬಿ' ಖರಾಬನ್ನು ಊರವರು ಕರೆಯುವ ಹೆಸರಿನಲ್ಲೇ ತೋರಿಸಬೇಕು, ಗ್ರಾಮಸಭೆಯಲ್ಲಿ ಓದಿಸಿ ಒಪ್ಪಿಗೆ ಪಡೆಯಬೇಕು ಎಂದು ಒಂದು ಷರತ್ತು ಬರೆಯಲು ಕಂದಾಯ ಇಲಾಖೆಗೆ ಹೊಸ ಕಾನೂನೇನೂ ಬೇಕಾಗಲಾರದು ಎಂದು ನಮ್ಮ ಅನಿಸಿಕೆ.